ಕೈ ಕಟ್ಟಿಕೊಂಡು ನಿಲ್ಲುವ ಕೆಲಸ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಬೆಂಗಳೂರಿನ ಬೇರೆ ಬೇರೆ ಮೂಲೆಗಳಿಂದ ಇಲ್ಲಿಗೆ ಬಂದಿದ್ದೀರಿ. ನಿಜಕ್ಕೂ ಖುಷಿಯಾಗಿದೆ.

ಹೈಸ್ಕೂಲು ಮಕ್ಕಳ ರೋಬೋಟ್ ಸ್ಪರ್ಧೆಗೆ ವಾಲಂಟಿಯರ್ ಆಗಲು ಎಂಜಿನಿಯರೇ ಆಗಿರಬೇಕು ಅಂತ ಹಲವರು ಅಂದುಕೊಂಡಿದ್ದಾರೆ. ಹಾಗೇನಿಲ್ಲ. ತಂಡಗಳನ್ನು ಹೊತ್ತಿಗೆ ಸರಿಯಾಗಿ ಕರೆತರಬೇಕು, ಪ್ರತಿ ಆಟದ ನಂತರ ಕಣವನ್ನು ಮತ್ತೆ ಜೋಡಿಸಬೇಕು, ಅಂಕ ಬರೆಯಬೇಕು. ಇದಕ್ಕೆಲ್ಲ ಜನ ಬೇಕು. ನಾನು ಮಾಡುವುದು ರೋಬೋಟ್ ತಪಾಸಣೆ. ಅದರ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಇಂಥ ಸ್ಪರ್ಧೆಗಳಲ್ಲಿ ಒಂದಾದ ಫಸ್ಟ್ ಟೆಕ್ ಚಾಲೆಂಜ್ ಅನ್ನೇ ತೆಗೆದುಕೊಳ್ಳಿ. ಕಣ 12 ಅಡಿ ಉದ್ದ, 12 ಅಡಿ ಅಗಲ. ಮೊದಲ 30 ಸೆಕೆಂಡು ಮಕ್ಕಳು ರಿಮೋಟ್ ಮುಟ್ಟುವಂತಿಲ್ಲ. ಬರೆದಿಟ್ಟ ಪ್ರೋಗ್ರಾಂ ನಂಬಿಕೊಂಡು ರೋಬೋಟ್ ತಾನೇ ಓಡಬೇಕು. ಆಮೇಲೆ 2 ನಿಮಿಷ ಮಕ್ಕಳು ಓಡಿಸುತ್ತಾರೆ. ಆಟ ಶುರುವಾಗುವಾಗ ರೋಬೋಟ್ ಉದ್ದ, ಅಗಲ, ಎತ್ತರ ಮೂರರಲ್ಲೂ 18 ಇಂಚು ಮೀರಬಾರದು. ಅಳೆದು ನೋಡುವವರು ನಾವು.

ಒಂದು ಸಲ ನನ್ನ ಮೇಜಿಗೆ ಬಂದ ರೋಬೋಟ್ ತೋಳು ಎತ್ತಿದಾಗಲೆಲ್ಲ ಆಫ್ ಆಗುತ್ತಿತ್ತು. ಕಾರಣ ನನಗೆ ಆಗಲೇ ಹೊಳೆದಿತ್ತು. ಭಾರಕ್ಕೆ ಮೋಟಾರು ತಿರುಗದೆ ನಿಂತರೆ ಸಿಕ್ಕಾಪಟ್ಟೆ ಕರೆಂಟ್ ಎಳೆಯುತ್ತದೆ. 12 ವೋಲ್ಟ್ ಬ್ಯಾಟರಿಯ ವೋಲ್ಟೇಜ್ ಕುಸಿದು, ರೋಬೋಟನ್ನು ನಡೆಸುವ ಕಂಟ್ರೋಲರ್ ರೀಸ್ಟಾರ್ಟ್ ಆಗುತ್ತದೆ. ಮನೆಯಲ್ಲಿ ಪಂಪ್ ಹಾಕಿದ ಕೂಡಲೇ ಲೈಟು ಮಂಕಾಗುತ್ತದಲ್ವಾ, ಹಾಗೆ. ಉತ್ತರ ನಾಲಿಗೆ ತುದಿಗೆ ಬಂದಿತ್ತು. ಕೈಯೂ ಸ್ಕ್ರೂಡ್ರೈವರ್ ಕಡೆ ಹೋಗಿತ್ತು. ತಡೆದುಕೊಂಡೆ.

ಅಲ್ಲಿಯವರೆಗೆ ಆ ತಂಡದ ಒಬ್ಬ ಹುಡುಗಿ ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದೆ: "ಆಫ್ ಆಗೋ ಹೊತ್ತಿಗೆ ಬ್ಯಾಟರಿ ಎಷ್ಟು ತೋರಿಸುತ್ತೆ, ನೋಡಿದ್ಯಾಮ್ಮಾ?"

ಅವಳ ಮುಖವೇ ಬದಲಾಯಿತು. ಮೀಟರ್ ಹಿಡಿದಳು, ಅಳೆದಳು, ಗೆಳೆಯರ ಜೊತೆ ಜಗಳವಾಡಿದಳು. ಮೋಟಾರಿಗೂ ತೋಳಿಗೂ ಒಂದೇ ಸಂಖ್ಯೆಯ ಹಲ್ಲಿನ ಗೇರುಗಳಿದ್ದವು. ಮೋಟಾರಿಗೆ 20 ಹಲ್ಲಿನದು, ತೋಳಿಗೆ 60 ಹಲ್ಲಿನದು ಹಾಕೋಣ ಎಂದು ಅವರೇ ತೀರ್ಮಾನಿಸಿದರು. ಹಾಗೆ ಮಾಡಿದರೆ ವೇಗ ಮೂರನೇ ಒಂದಕ್ಕೆ ಇಳಿಯುತ್ತದೆ, ಎತ್ತುವ ಬಲ ಹೆಚ್ಚುಕಮ್ಮಿ ಮೂರು ಪಟ್ಟಾಗುತ್ತದೆ. "ನಿಧಾನ ಆಗುತ್ತೆ ಸರ್, ಆದ್ರೆ ನಿಲ್ಲಲ್ಲ" ಅಂದಳು.

ಅಷ್ಟರಲ್ಲಿ ಅವರ ಮೊದಲ ಆಟ ತಪ್ಪಿಹೋಗಿತ್ತು. ನಾನು ಬಾಯಿಬಿಟ್ಟಿದ್ದರೆ ತಪ್ಪುತ್ತಿರಲಿಲ್ಲ. ಆ ಬೇಜಾರು ನನಗೆ ಇವತ್ತಿಗೂ ಇದೆ. ಆದರೂ ಇನ್ನೊಂದು ಸಲ ಅದೇ ಆದರೆ ಹಾಗೆಯೇ ಮಾಡುತ್ತೇನೆ. ಮಧ್ಯಾಹ್ನ ತೀರ್ಪುಗಾರರ ಮುಂದೆ ಆ ಹುಡುಗಿ ಗೇರಿನ ಲೆಕ್ಕವನ್ನು ಕನ್ನಡದಲ್ಲೇ ಬಿಡಿಸಿ ಹೇಳಿದಳು. ಲೆಕ್ಕ ಅವಳದೇ ಆಗಿತ್ತು.

ಆದರೆ ಅಲ್ಲಿ ಕೂತವರಲ್ಲಿ ಒಬ್ಬರಿಗೆ ಕನ್ನಡ ಬರುತ್ತಿರಲಿಲ್ಲ. ಪಕ್ಕದವರು ಅನುವಾದ ಮಾಡುವಷ್ಟರಲ್ಲಿ ಸಮಯ ಮುಗಿದಿತ್ತು. ಅದಕ್ಕೇ ಕೇಳುತ್ತಿದ್ದೇನೆ. ಹೆಸರು ಕೊಡುವಾಗ ನಿಮಗೆ ಬರುವ ಭಾಷೆಗಳನ್ನೂ ಬರೆಯಿರಿ. ಕನ್ನಡ, ತೆಲುಗು, ತಮಿಳು, ಉರ್ದು, ಯಾವುದಾದರೂ ಸರಿ. ಯಾರನ್ನು ಯಾವ ಮೇಜಿಗೆ ಕೂರಿಸಬೇಕು ಅಂತ ನಾವು ಮೊದಲೇ ಹೊಂದಿಸುತ್ತೇವೆ.