ಒಂದು ಮನೆಗೆ ಎಷ್ಟು ಐಪಿ ವಿಳಾಸ ಬೇಕು?

ಎಲ್ಲರಿಗೂ ನಮಸ್ಕಾರ. ನಿಮ್ಮ ಮನೆಯ ಇಂಟರ್ನೆಟ್‌ಗೆ ಏನೇನು ಜೋಡಿಸಿದ್ದೀರಿ, ಸುಮ್ನೆ ಲೆಕ್ಕ ಹಾಕಿ ನೋಡಿ. ಫೋನು, ಲ್ಯಾಪ್‌ಟಾಪು, ಟಿವಿ, ಕ್ಯಾಮೆರಾ... ಹತ್ತು ದಾಟಿದರೂ ಆಶ್ಚರ್ಯವಿಲ್ಲ. ಇಂಟರ್ನೆಟ್‌ನಲ್ಲಿ ಒಂದು ಸಾಧನವನ್ನು ಗುರುತಿಸುವ ಸಂಖ್ಯೆಯೇ ಐಪಿ ವಿಳಾಸ. ಆದರೆ ಹಳೆಯ ಐಪಿವಿ4 ಪದ್ಧತಿಯಲ್ಲಿ ಇವೆಲ್ಲಕ್ಕೂ ಸೇರಿ ಹೊರಗೆ ಒಂದೇ ವಿಳಾಸ.

ಇದು ಯಾರೋ ಯೋಚಿಸಿ ಮಾಡಿದ ಏರ್ಪಾಡಲ್ಲ, ವಿಳಾಸಗಳ ಬಡತನದಿಂದ ಬಂದದ್ದು. ಐಪಿವಿ4 ವಿಳಾಸ 32 ಬಿಟ್‌ಗಳದ್ದು, ಅಂದರೆ 32 ಸೊನ್ನೆ-ಒಂದುಗಳ ಸಾಲು. ಎಲ್ಲ ಸೇರಿ ಸುಮಾರು 430 ಕೋಟಿ. ಜಗತ್ತಿನಲ್ಲಿ ಅದಕ್ಕಿಂತ ಜನರೇ ಜಾಸ್ತಿ ಇದ್ದಾರೆ!

ಒಂದು ಕಾಲಕ್ಕೆ ಕೆಲವು ಇಂಟರ್ನೆಟ್ ಕಂಪನಿಗಳು ಎರಡನೇ ಕಂಪ್ಯೂಟರ್‌ಗೆ ಬೇರೆ ವಿಳಾಸ ಕೊಟ್ಟು, ಬೇರೆ ದುಡ್ಡು ಕೇಳುತ್ತಿದ್ದವು. ಜನ ಬಿಡ್ತಾರಾ? ಒಂದು ರೂಟರ್ ತಂದು, ಅದರ ಹಿಂದೆ ಎಲ್ಲ ಕಂಪ್ಯೂಟರ್‌ಗಳನ್ನೂ ಅಡಗಿಸಿದರು. ಕಂಪನಿ ಮೊದಲ ಕಂಪ್ಯೂಟರ್‌ನ ಮ್ಯಾಕ್ ವಿಳಾಸವನ್ನು (ತಯಾರಕರು ಯಂತ್ರಕ್ಕೆ ಕೊಟ್ಟ ಗುರುತು ಸಂಖ್ಯೆ) ಗುರುತಿಟ್ಟುಕೊಂಡಿದ್ದರೆ, ರೂಟರ್ ಅದನ್ನೇ ನಕಲು ಮಾಡುತ್ತಿತ್ತು. 'ಮ್ಯಾಕ್ ಕ್ಲೋನ್' ಎಂಬ ಆ ಆಯ್ಕೆ ಇಂದಿಗೂ ಎಷ್ಟೋ ರೂಟರ್‌ಗಳಲ್ಲಿ ಉಳಿದಿದೆ.

ಈ ಅಡಗಿಸುವ ಕೆಲಸಕ್ಕೆ ನ್ಯಾಟ್ ಎಂದು ಹೆಸರು. 1994ರಲ್ಲಿ ತಾತ್ಕಾಲಿಕ ಉಪಾಯವೆಂದು ಬಂದದ್ದು, ಇನ್ನೂ ಹೋಗಿಲ್ಲ. ಒಳಗಿನಿಂದ ಹೊರಗೆ ಹೋಗಲು ಅದು ಸಾಕು. ಹೊರಗಿನಿಂದ ಬಂದವರಿಗೆ ಮಾತ್ರ ಯಾವ ಸಾಧನದ ಬಾಗಿಲು ತಟ್ಟಬೇಕೋ ಗೊತ್ತಾಗುವುದಿಲ್ಲ. 2011ರ ಫೆಬ್ರವರಿಯಲ್ಲಿ ಐಪಿವಿ4ರ ಕೇಂದ್ರ ದಾಸ್ತಾನು ಖಾಲಿಯಾಯಿತು. ಆಮೇಲೆ ಎಷ್ಟೋ ಮನೆಗಳಿಗೆ ಆ ಒಂದು ವಿಳಾಸವೂ ಸ್ವಂತದ್ದಾಗಿ ಉಳಿಯಲಿಲ್ಲ. ನಿಮ್ಮ ರೂಟರ್‌ಗೆ ಸಿಕ್ಕ ವಿಳಾಸದ ಆರಂಭ 100.64ರಿಂದ 100.127ರ ಒಳಗಿದ್ದರೆ, ಹೊರಗಿನ ವಿಳಾಸವನ್ನು ಬೇರೆ ಮನೆಗಳ ಜೊತೆ ಹಂಚಿಕೊಂಡಿದ್ದೀರಿ ಎಂದರ್ಥ. ಅವರಲ್ಲೊಬ್ಬರು ತರಲೆ ಮಾಡಿದರೆ, ವೆಬ್‌ಸೈಟ್ ನಿಮ್ಮನ್ನೂ ತಡೆಯಬಹುದು.

ಹೊಸ ಪದ್ಧತಿಯಾದ ಐಪಿವಿ6ರಲ್ಲಿ ಲೆಕ್ಕವೇ ಬೇರೆ. ಇಲ್ಲಿ ಕೊಡಬೇಕಾದದ್ದು ಒಂದು ವಿಳಾಸವಲ್ಲ, ವಿಳಾಸಗಳ ಇಡೀ ಬಡಾವಣೆ. ವಿಳಾಸಕ್ಕೆ 128 ಬಿಟ್. ಅದರಲ್ಲಿ ಮೊದಲ ಎಷ್ಟು ಬಿಟ್ ಬದಲಾಗುವುದಿಲ್ಲ ಎಂಬುದನ್ನು ಸ್ಲ್ಯಾಶ್ ಹಾಕಿ ಬರೆಯುತ್ತಾರೆ; ಆ ಅಂಕಿಯೇ ಪ್ರಿಫಿಕ್ಸ್ ಉದ್ದ, ಅದು ಚಿಕ್ಕದಾದಷ್ಟೂ ಪಾಲು ದೊಡ್ಡದು. ಒಂದು ಸಾಮಾನ್ಯ ನೆಟ್‌ವರ್ಕ್‌ಗೆ ಸ್ಲ್ಯಾಶ್ 64 ಬೇಕು. ಕಂಪನಿ ಸ್ಲ್ಯಾಶ್ 56 ಕೊಟ್ಟರೆ ಮನೆಯೊಳಗೆ ಅಂಥ 256 ನೆಟ್‌ವರ್ಕ್‌ಗಳನ್ನು ಮಾಡಬಹುದು. ಇಷ್ಟೆಲ್ಲ ಯಾಕೆ ಅಂತೀರಾ? ಅತಿಥಿಗಳ ವೈಫೈ ಒಂದು, ಕ್ಯಾಮೆರಾಗಳಿಗೆ ಇನ್ನೊಂದು ಎಂದು ಬೇರೆ ಮಾಡಿದರೆ, ಒಂದು ಸ್ಲ್ಯಾಶ್ 64 ಅಲ್ಲಿಗೇ ಸಾಲದು. ಮನೆಗಳಿಗೆ ಸ್ಲ್ಯಾಶ್ 56ಕ್ಕಿಂತ ಚಿಕ್ಕ ಪಾಲು ಬೇಡ ಎಂದು ಯೂರೋಪಿನ ಇಂಟರ್ನೆಟ್ ನಿರ್ವಾಹಕರ ರೈಪ್ ಸಮುದಾಯ 2017ರಲ್ಲೇ ಹೇಳಿದೆ. ಆದರೂ ಕೆಲವು ಕಂಪನಿಗಳವರು ಒಂದೇ 64 ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಮುಗಿಯದ ಸರಕಿನಲ್ಲೂ ಜಿಪುಣತನ!

ಪ್ರತಿ ಸಾಧನಕ್ಕೂ ಹೊರಗಿನ ವಿಳಾಸ ಬಂದರೆ ಅಪಾಯವಲ್ವಾ ಎಂದು ಕೇಳುತ್ತಾರೆ. ಕಾವಲು ಕಾಯುವುದು ಫೈರ್‌ವಾಲ್ ಕೆಲಸ. ಅದು ನ್ಯಾಟ್ ಇಲ್ಲದೆಯೂ ನಡೆಯುತ್ತದೆ, ರೂಟರ್‌ನಲ್ಲಿ ಫೈರ್‌ವಾಲ್ ಆನ್ ಇದೆಯೇ ನೋಡಿಕೊಳ್ಳಿ.

ಹಾಗೇ ರೂಟರ್‌ನ ಐಪಿವಿ6 ಪುಟದಲ್ಲಿ ಪ್ರಿಫಿಕ್ಸ್ ಉದ್ದವನ್ನೂ ನೋಡಿ. 64 ಎಂದಿದ್ದರೆ ತಕ್ಷಣ ಕಂಪನಿಯನ್ನು ಬೈಯಬೇಡಿ. ಕೆಲವು ರೂಟರ್‌ಗಳು ತಾವಾಗಿಯೇ 64 ಮಾತ್ರ ಕೇಳುತ್ತವೆ. ಅಲ್ಲಿ 56 ಎಂದು ಬರೆದು ರೀಸ್ಟಾರ್ಟ್ ಮಾಡಿ. ಆಗಲೂ ಸಿಗದಿದ್ದರೆ ಕಂಪನಿಗೆ ಫೋನ್ ಮಾಡಿ.