ರಾತ್ರಿ ಹೇಳಲಿಕ್ಕೊಂದು ಹೆಸರು

ಕೇಳುಗರೆಲ್ಲರಿಗೂ ನಮಸ್ಕಾರ.

ಮಂಗಳೂರು, ಉಡುಪಿ ಕಡೆಯ ಕಥೊಲಿಕ ಮನೆಗಳಲ್ಲಿ ರಾತ್ರಿ ಊಟಕ್ಕೆ ಮುಂಚೆ ತೆರ್ಸ್ ನಡೆಯುತ್ತದೆ. ತೆರ್ಸ್ ಅಂದರೆ ಜಪಸರ. ಟಿವಿ ಆರಿಸಿ, ದೇವರ ಪಟದ ಮುಂದೆ ಮೇಣದ ಬತ್ತಿ ಹಚ್ಚಿ, ಮನೆಮಂದಿಯೆಲ್ಲ ಮೊಣಕಾಲೂರುತ್ತಾರೆ. ಯೇಸುವಿನ ತಾಯಿಯನ್ನು ನೆನೆಯುವ 'ನಮೋ ಮರಿಯ' ಪ್ರಾರ್ಥನೆ ಹತ್ತತ್ತು ಸಲ, ಹೀಗೆ ಐದು ಸುತ್ತು. ಕೊನೆಯ ಸ್ತುತಿಮಾಲೆ ಬರುವ ಹೊತ್ತಿಗೆ ಮಕ್ಕಳು ತೂಕಡಿಸುತ್ತಿರುತ್ತಾರೆ. ದೊಡ್ಡವರಲ್ಲೂ ಒಬ್ಬಿಬ್ಬರ ಕಿವಿ ಕುಕ್ಕರಿನ ಸೀಟಿಯ ಕಡೆಗೇ. ಇಂಥ ಬಾಯಿಪಾಠದಲ್ಲಿ ದೇವರು ಸಿಗುತ್ತಾನೆಯೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಮಾತೇ.

ಆದರೆ ಜಪ ಮುಗಿದ ಮೇಲಿನ ಐದು ನಿಮಿಷ ಗಮನಿಸಿ. ಮನೆಯ ಹಿರಿಯಾಕೆ ಒಬ್ಬೊಬ್ಬರನ್ನೇ ನೆನೆದು, ಅವರಿಗಾಗಿ ಯೇಸು ಕಲಿಸಿದ ಪ್ರಾರ್ಥನೆಯನ್ನು ಎಲ್ಲರಿಂದ ಹೇಳಿಸುತ್ತಾರೆ. ಡಯಾಲಿಸಿಸ್‌ಗೆ ಹೋಗಿಬರುವ ಪಕ್ಕದ ಮನೆಯವರಿಗಾಗಿ. ಮಸ್ಕತ್ತಿನಲ್ಲಿ ಕೆಲಸ ಹುಡುಕುತ್ತಿರುವ ಮಗನಿಗಾಗಿ. ತೀರಿಹೋದವರಿಗಾಗಿ. ಆಮೇಲೆ, 'ಇವತ್ತು ಬಾವಿಗಿಳಿದು ಪಂಪು ಎತ್ತಿಕೊಟ್ಟನಲ್ಲ, ಆ ಹುಡುಗನಿಗೂ ಒಂದು ಹೇಳಿ.' ಇಷ್ಟಾದ ಮೇಲೆ ಮಕ್ಕಳು ಸರದಿಯಂತೆ ಹಿರಿಯರ ಮುಂದೆ ಕೈಮುಗಿದು 'ಬೆಸಾಂವ್ ದಿಯಾ' ಎಂದು ಆಶೀರ್ವಾದ ಬೇಡುತ್ತಾರೆ.

ಪ್ರಾರ್ಥನೆಯ ರೂಢಿ ಏನು ಮಾಡುತ್ತದೆ ಎಂದು ನನಗೆ ಕಾಣುವುದು ಆ ಪಂಪಿನ ಹುಡುಗನಲ್ಲಿ. ಕೂಲಿ ಕೊಟ್ಟಾಯಿತು, ಲೆಕ್ಕ ಮುಗಿಯಿತು ಎನ್ನಬಹುದಿತ್ತು. ರಾತ್ರಿ ಯಾರನ್ನಾದರೂ ನೆನೆಯಬೇಕು ಎಂಬ ಅಭ್ಯಾಸ ಇದ್ದದ್ದರಿಂದ ಹಗಲಿನಲ್ಲಿ ಅವನು ಆಕೆಯ ಕಣ್ಣಿಗೆ ಬಿದ್ದ. ಇಪ್ಪತ್ತು ವರ್ಷ ಹೀಗೆ ನೆನೆದವರ ಕಣ್ಣು ಬೇರೆಯೇ ಆಗಿರುತ್ತದೆ.

ಹೀಗೆ ದಿನವನ್ನು ತಿರುಗಿ ನೋಡುವುದಕ್ಕೊಂದು ಕ್ರಮ ಹಾಕಿಕೊಟ್ಟವರು ಸ್ಪೇನಿನ ಸಂತ ಇಗ್ನೇಷಿಯಸ್ ಲೊಯೋಲ. ಮೊದಲು ಅವರು ಯೋಧ. 1521ರಲ್ಲಿ ಪಾಂಪ್ಲೋನಾದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿಯಿತು. ಹಾಸಿಗೆಯಲ್ಲಿ ಹೊತ್ತು ಹೋಗದೆ ಶೂರರ ಕಥೆ ತಂದುಕೊಡಿ ಎಂದರೆ, ಮನೆಯಲ್ಲಿದ್ದದ್ದು ಕ್ರಿಸ್ತನ ಚರಿತ್ರೆ, ಸಂತರ ಕಥೆಗಳು. ಮಲಗಿದಲ್ಲೇ ಅವರೊಂದು ಸಂಗತಿ ಗಮನಿಸಿದರು. ಕುಲೀನ ಹೆಣ್ಣೊಬ್ಬಳ ಮುಂದೆ ಪರಾಕ್ರಮ ತೋರುವ ಕನಸು ಕಾಣುವಾಗ ಹಿತ, ಮುಗಿದ ಮೇಲೆ ಮನಸ್ಸು ಖಾಲಿ. ಸಂತರಂತೆ ಬಾಳುವ ಯೋಚನೆಯ ಸಂತೋಷ ಮಾತ್ರ, ಯೋಚನೆ ಸರಿದ ಮೇಲೂ ಉಳಿಯುತ್ತಿತ್ತು. ಯಾವುದು ಉಳಿಯುತ್ತದೆ ಎಂದು ನೋಡುವ ಆ ಕಲೆಯನ್ನೇ ಅವರು ಮುಂದೆ ಆತ್ಮಪರಿಶೋಧನೆಯಾಗಿ ಕಲಿಸಿದರು. ಅವರು ಕಟ್ಟಿದ ಯೇಸುಸಭೆ ಎಂಬ ಧಾರ್ಮಿಕ ಸಂಘದವರೇ 1880ರಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ತೆರೆದದ್ದು. ಮಧ್ಯಾಹ್ನಕ್ಕೊಮ್ಮೆ, ಮಲಗುವ ಮುನ್ನ ಒಮ್ಮೆ ದಿನವನ್ನು ತಿರುಗಿ ನೋಡುವುದು ಆ ಸಭೆಯವರ ಪದ್ಧತಿ. ಅದರ ಮೊದಲ ಹೆಜ್ಜೆ ಕೃತಜ್ಞತೆ. ತಪ್ಪುಗಳ ಸರದಿ ಆಮೇಲೆ. ಈ ಅನುಕ್ರಮ ನನಗೆ ತುಂಬ ಇಷ್ಟ. ನಮ್ಮಲ್ಲಿ ಅನೇಕರು ಉಲ್ಟಾ ಮಾಡುತ್ತೇವೆ.

ತಿರುಗಿ ನೋಡಿದಾಗಲೇ ದೇವರು ಗುರುತು ಸಿಗುವುದು ಎಂಬುದಕ್ಕೆ ಲೂಕನ ಸುವಾರ್ತೆಯಲ್ಲಿ ಆಧಾರವಿದೆ. ಎಮ್ಮಾಹು ಎಂಬ ಹಳ್ಳಿಗೆ ಹೊರಟ ಇಬ್ಬರು ಶಿಷ್ಯರ ಜೊತೆ ಪುನರುತ್ಥಾನನಾದ ಯೇಸು ದಾರಿಯುದ್ದಕ್ಕೂ ಮಾತಾಡುತ್ತಾ ಬಂದರೂ ಅವರಿಗೆ ತಿಳಿಯಲಿಲ್ಲ. ಊಟಕ್ಕೆ ಕೂತು, ರೊಟ್ಟಿ ತೆಗೆದುಕೊಂಡು, ಸ್ತೋತ್ರ ಸಲ್ಲಿಸಿ, ಮುರಿದು ಕೊಟ್ಟಾಗ ಕಣ್ಣು ತೆರೆಯಿತು. ದಾರಿಯಲ್ಲಿ ಹೃದಯ ಕುದಿಯುತ್ತಿದ್ದದ್ದು ಆಮೇಲೆ ನೆನಪಾಯಿತು. ಊಟಕ್ಕೆ ಮುಂಚಿನ ಆ ಪ್ರಾರ್ಥನೆ ಅವರ ನಾಡಿನಲ್ಲಿ ದಿನನಿತ್ಯದ್ದು, ಗಮನಿಸಿ.

ಇಲ್ಲೊಂದು ಎಚ್ಚರವೂ ಬೇಕು. ಬಸ್ಸಿನಲ್ಲಿ ಸೀಟು ಸಿಕ್ಕಿತು, ದೇವರೇ ಕೊಡಿಸಿದ ಎನ್ನುವವರಿದ್ದಾರೆ. ನಿಂತೇ ಹೋದ ಗರ್ಭಿಣಿಗೆ ಯಾರು ಏನು ಕೊಡಿಸಿದರು? ನಮಗಾದ ಲಾಭಕ್ಕೆಲ್ಲ ದೇವರ ಸಹಿ ಹಾಕಿಸುವುದು ಗುರುತಿಸುವಿಕೆಯಲ್ಲ. ಎದ್ದು ಸೀಟು ಬಿಟ್ಟುಕೊಡು ಎಂದು ಒಳಗೆ ಚುಚ್ಚಿತಲ್ಲ, ದಿನವನ್ನು ತಿರುಗಿ ನೋಡುವಾಗ ಕೇಳಿಕೊಳ್ಳಬೇಕಾದದ್ದು ಅದರ ಬಗ್ಗೆ.

ಇಗ್ನೇಷಿಯಸರ ಕ್ರಮದ ಕೊನೆಯ ಹೆಜ್ಜೆ ನಾಳೆಯದ್ದು. ಬೆಳಿಗ್ಗೆ ಸರ್ವೆಯವರು ಬರುತ್ತಾರೆ, ಬೇಲಿ ತಗಾದೆಯ ನೆರೆಯವನ ಎದುರು ನಿಲ್ಲಬೇಕು ಅನ್ನಿ. ಅವನಿಗಾಗಿ ಇಂದೇ ಒಂದು ಪ್ರಾರ್ಥನೆ ಹೇಳಿ ಮಲಗಬಹುದು. ತಗಾದೆ ತೀರುತ್ತದೆಂಬ ಭರವಸೆ ಕೊಡಲಾರೆ. ಮುಖ ನೋಡಿ ಮಾತಾಡುವುದು ಮಾತ್ರ ಸ್ವಲ್ಪ ಸುಲಭವಾಗುತ್ತದೆ.

ನಮಸ್ಕಾರ.