ಒಮ್ಮೆ ಕೇಳಿ ಬರೆಯಲು ಬರುವ ಹೆಸರು

ಮಾನ್ಯರೇ,

ಮಂಡಿಪೇಟೆಯ ವರ್ತಕರೂ ಮಂಡಕ್ಕಿ ಭಟ್ಟಿ ನಡೆಸುವವರೂ ಮೊಳಕಾಲ್ಮೂರಿನ ನೇಕಾರ ಬಂಧುಗಳೂ ಸೇರಿರುವ ಈ ಸಭೆಯಲ್ಲಿ ನಾನು ಮಾತನಾಡಬಯಸುವುದು ನಿಮ್ಮ ಸರಕಿನ ಹೆಸರನ್ನು ಕುರಿತು, ಮತ್ತು ಆ ಹೆಸರಿಗೆ ಅಂತರ್ಜಾಲದಲ್ಲಿ ಸಿಗುವ ವಿಳಾಸವಾದ ಡೊಮೇನ್ ಕುರಿತು.

ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳೋಣ. ಕನ್ನಡದಲ್ಲಿ ದಾವಣಗೆರೆ ಎಂದು ಬರೆಯುವಾಗ ಯಾರೂ ತಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ‘ಎನ್’ ಆದ ಮೇಲೆ ‘ಎ’ ಇಟ್ಟು ಬರೆಯುವವರೂ ಇದ್ದಾರೆ, ಬಿಟ್ಟು ಬರೆಯುವವರೂ ಇದ್ದಾರೆ. ಬೆಣ್ಣೆಗೆ ಒಂದು ‘ಎನ್’ ಹಾಕುವವರುಂಟು, ಎರಡು ಹಾಕುವವರುಂಟು. ದೋಸೆಯ ಕೊನೆಗೆ ಕೆಲವರಿಗೆ ‘ಇ’, ಕೆಲವರಿಗೆ ‘ಎ’. ಹೀಗೆ ಮೂರು ಪದಗಳ ಒಂದು ಹೆಸರು ಎಂಟು ರೂಪಗಳಲ್ಲಿ ಹರಡುತ್ತದೆ, ಮತ್ತು ಡೊಮೇನ್ ವ್ಯವಸ್ಥೆಯ ಪಾಲಿಗೆ ಆ ಎಂಟೂ ಬೇರೆಬೇರೆ ವಿಳಾಸಗಳು. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಶಿವಮೊಗ್ಗ ಸೇರಿ 12 ಊರುಗಳ ಇಂಗ್ಲಿಷ್ ಕಾಗುಣಿತ ಬದಲಾಯಿತು. ಹಳೆಯ ಕಾಗುಣಿತವನ್ನು ಹೆಸರಿನಲ್ಲಿ ಸೇರಿಸಿಕೊಂಡ ಅಂಗಡಿಗಳು ಎರಡನ್ನೂ ಹೊತ್ತು ನಡೆಯಬೇಕಾಯಿತು.

ಊರು ಮತ್ತು ತಿಂಡಿ ಸೇರಿದ ಹೆಸರಿಗೆ ಇನ್ನೊಂದು ತೊಡಕಿದೆ, ಮತ್ತು ನನ್ನ ಮಟ್ಟಿಗೆ ಇದೇ ದೊಡ್ಡದು. ಅದು ಯಾರೊಬ್ಬರದೂ ಆಗುವುದಿಲ್ಲ. ಸರಕಿನ ಗುಣವನ್ನೋ ಮೂಲಸ್ಥಳವನ್ನೋ ಮಾತ್ರ ಹೇಳುವ ಪದಗಳನ್ನು 1999ರ ಟ್ರೇಡ್ ಮಾರ್ಕ್ ಕಾಯಿದೆ ಸಾಮಾನ್ಯವಾಗಿ ಒಬ್ಬರ ಗುರುತಾಗಿ ನೋಂದಾಯಿಸುವುದಿಲ್ಲ. ಬೆಂಗಳೂರಿನ ಬೀದಿಗಳಲ್ಲಿ ‘ದಾವಣಗೆರೆ ಬೆಣ್ಣೆ ದೋಸೆ’ ಎಂಬ ಫಲಕವನ್ನು ಎಷ್ಟು ಜನ ಹಾಕಿದ್ದಾರೆಂದು ನೀವೇ ಕಂಡಿದ್ದೀರಿ. ಮೊಳಕಾಲ್ಮೂರು ಸೀರೆಗೆ, ಸರಕು ಇಂಥ ಊರಿನದೆಂದು ಗುರುತಿಸುವ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಇದೆ, ಅದು ನಮ್ಮೆಲ್ಲರ ಹೆಮ್ಮೆ. ಆದರೆ ಅದು ಅಲ್ಲಿನ ಅಷ್ಟೂ ನೇಕಾರರ ಸೊತ್ತಾದ್ದರಿಂದ, ಒಂದು ಮನೆಯ ಮಗ್ಗದಿಂದ ಇಳಿದ ಸೀರೆಯನ್ನು ಗಿರಾಕಿ ಮತ್ತೆ ಹುಡುಕಿ ಬರಬೇಕಾದರೆ ಆ ಮನೆಗೆ ಅದರದೇ ಹೆಸರು ಬೇಕು. ಅಂಥ ಸ್ವಂತ ಹೆಸರಿಗೆ ರಕ್ಷಣೆಯೂ ಇದೆ. ಡೊಮೇನ್ ಹೆಸರಿಗೂ ವ್ಯಾಪಾರದ ಗುರುತಿಗೆ ಸಿಗುವಂಥ ರಕ್ಷಣೆ ಸಲ್ಲುತ್ತದೆಂದು ಸತ್ಯಂ ಇನ್ಫೋವೇ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿಯೇ ಹೇಳಿದೆ.

ಇನ್ನು ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳಬೇಕು. ನಮ್ಮ ಅತ್ತಿಗೆ ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ ಮಾಡಿ ಮಾರುತ್ತಾರೆ. ಅವರ ಮೊದಲ ವಿಳಾಸದಲ್ಲಿ ಎರಡು ಪದಗಳ ನಡುವೆ ಹೈಫನ್ ಇತ್ತು. ಫೋನಿನಲ್ಲಿ ಗಿರಾಕಿಯೊಬ್ಬರು, “ಹೈಫನ್ ಅಂದ್ರ ಯಾವ ಗೆರಿ ಅಕ್ಕಾ, ನಡುವ ಬರೋದೋ, ತಳದಾಗ ಬರೋದೋ?” ಎಂದು ಕೇಳಿದ್ದು ನನಗೆ ಇನ್ನೂ ನೆನಪಿದೆ. ತಳದಲ್ಲಿ ಬರುವ ಗೆರೆಗೆ ಡೊಮೇನಿನಲ್ಲಿ ಅವಕಾಶವೇ ಇಲ್ಲ. ಅಕ್ಷರ, ಅಂಕಿ, ನಡುಗೆರೆ ಇಷ್ಟೇ. ಅದನ್ನು ಗಿರಾಕಿ ಏಕೆ ತಿಳಿದಿರಬೇಕು? ಆ ಗಿರಾಕಿ ಕೊನೆಗೂ ನಮ್ಮ ಪುಟಕ್ಕೆ ಬರಲಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ಡೊಮೇನನ್ನು ಕೊಂಡೆವು ಎನ್ನುತ್ತೇವೆ, ಆದರೆ ಅದು ಗುತ್ತಿಗೆ. ಒಮ್ಮೆಗೆ ಹೆಚ್ಚೆಂದರೆ 10 ವರ್ಷ. ನಮ್ಮ ಪುಟ ಮಾಡಿಕೊಟ್ಟವರು ಅದನ್ನು ತಮ್ಮ ಹೆಸರಿನಲ್ಲೇ, ತಮ್ಮ ಇಮೇಲಿನಲ್ಲೇ ನೋಂದಾಯಿಸಿದ್ದರು. ನವೀಕರಣದ ಸೂಚನೆಗಳು ಅವರಿಗೆ ಹೋದವು, ನಮಗೆ ಬರಲಿಲ್ಲ. ಡಾಟ್ ಕಾಮ್ ವಿಳಾಸವೊಂದು ಗಡುವು ಮೀರಿ ರದ್ದಾದ ಮೇಲೆ, ಹೆಚ್ಚಿನ ಶುಲ್ಕ ತೆತ್ತು ಬಿಡಿಸಿಕೊಳ್ಳಲು 30 ದಿನಗಳಿರುತ್ತವೆ. ಮತ್ತೆ 5 ದಿನ ಕಳೆದರೆ ಅದು ಯಾರಿಗಾದರೂ ಸಿಗುತ್ತದೆ. ನಮಗೆ ತಿಳಿಯುವಷ್ಟರಲ್ಲಿ ಅದು ಬೇರೆಯವರ ಪಾಲಾಗಿತ್ತು. ಅಚ್ಚು ಹಾಕಿಸಿಟ್ಟಿದ್ದ ಪೊಟ್ಟಣಗಳ ಮೇಲಿನ ವಿಳಾಸ ಮುಚ್ಚಲು, ಅತ್ತಿಗೆಯೂ ನಾನೂ ಎರಡು ರಾತ್ರಿ ಕುಳಿತು ಫೋನ್ ನಂಬರಿನ ಚೀಟಿ ಅಂಟಿಸಿದೆವು.

ಕನ್ನಡ ಲಿಪಿಯಲ್ಲೇ ಡಾಟ್ ಭಾರತ ವಿಳಾಸ ಪಡೆಯಬಹುದು. ಕಾಗುಣಿತದ ಗೊಂದಲ ಅಲ್ಲಿಲ್ಲವೆಂಬುದು ನನಗೆ ಬಹಳ ಸಂತೋಷದ ವಿಷಯ. ಆದರೆ ಎಲ್ಲರ ಫೋನಿನಲ್ಲೂ ಕನ್ನಡ ಕೀಲಿಮಣೆ ಇರುವುದಿಲ್ಲವಾದ್ದರಿಂದ, ಡಾಟ್ ಇನ್ ಅಥವಾ ಡಾಟ್ ಕಾಮ್ ಜೊತೆಗೆ ಅದನ್ನೂ ಪಡೆದು ಎರಡನ್ನೂ ಒಂದೇ ಪುಟಕ್ಕೆ ಜೋಡಿಸುವುದು ಲೇಸು. ಫಲಕ, ಪೊಟ್ಟಣ, ವಾಟ್ಸಾಪ್, ಇನ್‌ಸ್ಟಾಗ್ರಾಂ ಎಲ್ಲೆಡೆ ಹೆಸರು ಒಂದೇ ಇರಲಿ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಅಂಗಡಿಯ ಹೆಸರಿನ ಬದಲು ಅಪರಿಚಿತ ವ್ಯಕ್ತಿಯ ಹೆಸರು ಬಂದರೆ ಹೊಸ ಗಿರಾಕಿಯ ಬೆರಳು ಅಲ್ಲೇ ನಿಲ್ಲುತ್ತದೆ.

ಎರಡನೆಯ ಸಲ ಹೆಸರು ಆರಿಸುವಾಗ ನಾವು ಹರಿಹರ, ಹೊಳಲ್ಕೆರೆ, ಹಿರಿಯೂರುಗಳ ಹತ್ತು ಮಂದಿ ನೆಂಟರಿಗೆ ಫೋನ್ ಮಾಡಿ, ಹೆಸರನ್ನು ಒಮ್ಮೆ ಮಾತ್ರ ಹೇಳಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳಿಸಲು ಕೇಳಿದೆವು. ‘ಒರಳು’ ಮೂರು ಬಗೆಯಲ್ಲಿ ಬಂತು. ‘ಒನಕೆ’ಯನ್ನು ಒಂಬತ್ತು ಮಂದಿ ಒಂದೇ ರೀತಿ ಬರೆದರು, ಓಬವ್ವನ ದುರ್ಗ ಪಕ್ಕದಲ್ಲೇ ಇರುವಾಗ ಆ ಪದ ಯಾರ ಕಿವಿಗೆ ಹೊಸದು? ಟ್ರೇಡ್ ಮಾರ್ಕ್ ಕಚೇರಿಯ ಉಚಿತ ಹುಡುಕಾಟದಲ್ಲಿ ಮಸಾಲೆ ಪದಾರ್ಥಗಳು ಬರುವ 30ನೆಯ ವರ್ಗವನ್ನು ನೋಡಿ, ‘ಒನಕೆ’ಗೆ ಅತ್ತಿಗೆಯ ತವರೂರಿನ ಮನೆತನದ ಹೆಸರು ಸೇರಿಸಿ, ಈ ಸಲ ಡೊಮೇನನ್ನು ಅತ್ತಿಗೆಯ ಹೆಸರಿನಲ್ಲಿ, ಅವರದೇ ಮೊಬೈಲ್ ನಂಬರಿಗೆ ನೋಂದಾಯಿಸಿದೆವು.